ಮಡಿಸಿ ಹೊಲಿದ ಅಂಚು

ಟೈಲರಮ್ಮನಿಗೆ ಕೋರ್ಟು ಅಂದರೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅವಳ ಅಪ್ಪ ಒಂದು ಕಾಂಪೌಂಡು ಗೋಡೆಯ ವಿಷಯಕ್ಕೆ ಪಕ್ಕದ ಮನೆಯವರ ಮೇಲೆ ದಾವೆ ಹೂಡಿ, ಆ ಗೋಡೆ ತಾನಾಗಿಯೇ ಬಿದ್ದುಹೋದ ಮೇಲೂ ವಾಯಿದೆಗೆ ಅಲೆಯುತ್ತಿದ್ದ ಮಹಾನುಭಾವ. "ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆಯನ್ನು ಅವಳು ಜೋಗುಳದ ಜೊತೆಗೇ ಕೇಳಿ ಬೆಳೆದವಳು. ಹಾಗಾಗಿ ಡ್ರಾಯಿಂಗ್ ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿ, "ಅಮ್ಮಾ, ನೀವೊಂದು ಸಲ ಹಳೇ ಕೋರ್ಟಿಗೆ ಬರಬೇಕಲ್ಲ" ಎಂದಾಗ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ನಾನೇನು ಮಾಡಿದೆ ಮೇಷ್ಟ್ರೇ? ಯಾರಾದ್ರೂ ಕೇಸ್ ಹಾಕಿದ್ರಾ? ಆ ಕಂಟ್ರಾಕ್ಟರ್ ಪ್ಯಾಂಟು ಬಿಗಿ ಆಗಿದ್ರೆ ಅದು ಅವರ ಹೊಟ್ಟೆ ತಪ್ಪು, ನನ್ನ ಕತ್ತರಿ ತಪ್ಪಲ್ಲ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕೂತು ವಿಷಯ ಹೇಳಿದರು. ನ್ಯಾಯಾಲಯ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯದು ಬೀಗ ಹಾಕಿಕೊಂಡು ಬಿದ್ದಿತ್ತಲ್ಲ, ಅದರ ದೊಡ್ಡ ಹಾಲನ್ನು ಒಂದು ವಾರದ ಮಟ್ಟಿಗೆ ಬಿಟ್ಟುಕೊಡಲು ಹಳೆ ಕಟ್ಟಡಗಳನ್ನು ನೋಡಿಕೊಳ್ಳುವ ಇಲಾಖೆಯವರು ಕೊನೆಗೂ ಒಪ್ಪಿದ್ದರು. ಊರಿನ ಹುಡುಗ ಹುಡುಗಿಯರು ಬರೆದ ಚಿತ್ರ, ಮಾಡಿದ ಮಣ್ಣಿನ ಬೊಂಬೆ, ತಂತಿಯಲ್ಲಿ ಬಗ್ಗಿಸಿದ ಹಕ್ಕಿ, ಎಲ್ಲವನ್ನೂ ಅಲ್ಲಿಟ್ಟು ಜನರಿಗೆ ತೋರಿಸುವುದು ಮೇಷ್ಟ್ರ ಆಸೆ. "ಈ ಮಕ್ಕಳಿಗೆ ಕಣ್ಣಿದೆ, ಕೈ ಇದೆ, ಒಂದು ಗೋಡೆ ಇರಲಿಲ್ಲ" ಎಂದರು. ಈಗ ಗೋಡೆಯೂ ಸಿಕ್ಕಿತ್ತು. ಆದರೆ ಆ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು, ಅಂಟು ಹಚ್ಚಕೂಡದು, ಏನನ್ನೂ ಒರಗಿಸಕೂಡದು ಎಂದು ಇಲಾಖೆಯವರು ಷರತ್ತು ಹಾಕಿದ್ದರು.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದ ಹಾಗಾಯ್ತು" ಎಂದಳು ಟೈಲರಮ್ಮ.

"ಅದಕ್ಕೇ ನಿಮ್ಮ ಹತ್ರ ಬಂದಿರೋದು. ಮೇಲೆ ಮರದ ತೊಲೆಗಳಿವೆ. ಅದರಿಂದ ಬಿದಿರು ಗಳು ಇಳಿಬಿಟ್ಟು ಬಟ್ಟೆ ಕಟ್ಟಿದ್ರೆ ಗೋಡೆ ಮುಟ್ಟೋ ಪ್ರಮೇಯಾನೇ ಬರಲ್ಲ. ನಮಗೆ ಬಟ್ಟೆ ಗೋಡೆ ಹೊಲಿದು ಕೊಡ್ತೀರಾ?"

ಬೇರೆ ಯಾರಾದರೂ ಕೇಳಿದ್ದರೆ ಅವಳು ಕೈಲಿರುವ ಕೆಲಸದ ರಾಶಿ ತೋರಿಸಿ ಕಳಿಸುತ್ತಿದ್ದಳು. ಆದರೆ ಕೇಳಿದ್ದು ಮೇಷ್ಟ್ರು. ಅವಳ ಅಕ್ಕ ತೀರಿಕೊಂಡಾಗ ಅಕ್ಕನ ಮಗಳು ಇನ್ನೂ ಚಿಕ್ಕ ಕೂಸು. ಕರೆದುಕೊಂಡು ಬಂದು ಸಾಕಿದ್ದೇನೋ ಸರಿ, ಆದರೆ ಆ ಮಗು ಬಾಯೇ ಬಿಡಲಿಲ್ಲ. ತಿನ್ನು ಅಂದರೆ ತಿನ್ನುತ್ತಿತ್ತು, ಮಲಗು ಅಂದರೆ ಮಲಗುತ್ತಿತ್ತು, ಮಾತು ಮಾತ್ರ ಇಲ್ಲ. ಗುಮ್ಮನ ಹಾಗೆ ಕೂತಿರುತ್ತಿದ್ದುದಕ್ಕೆ ಟೈಲರಮ್ಮ ಅವಳನ್ನು ಗುಮ್ಮಿ ಎಂದು ಕರೆದಳು, ಅದೇ ಹೆಸರು ನಿಂತಿತು. ಶಾಲೆಯಲ್ಲಿ ಬೇರೆಯವರು ಇದನ್ನು ದಡ್ಡು ಅಂದಾಗ ಈ ಮೇಷ್ಟ್ರು ಮಗುವಿನ ಕೈಗೆ ಬಣ್ಣದ ಕಡ್ಡಿ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತರು. ಒಂದು ದಿನ ಗುಮ್ಮಿ ತಲೆ ಎತ್ತಿ, "ಹಸಿರು ಮುಗೀತು" ಅಂದಳಂತೆ. ಆ ಸುದ್ದಿ ಕೇಳಿ ಟೈಲರಮ್ಮ ಯಾರದೋ ಅಂಗಿಯ ತೋಳನ್ನು ತಿರುಗುಮುರುಗಾಗಿ ಹೊಲಿದುಬಿಟ್ಟಿದ್ದಳು. ಅಂಥ ಮನುಷ್ಯನಿಗೆ ಇಲ್ಲ ಅನ್ನುವುದಕ್ಕೆ ಅವಳೇನು ಕಲ್ಲೇ?

"ಹೊಲಿದು ಕೊಡೋದೇನು ಮೇಷ್ಟ್ರೇ, ಬೇಕಾದ್ರೆ ಆ ಕೋರ್ಟಿಗೇ ಒಂದು ಅಂಗಿ ಹೊಲೀತೀನಿ" ಎಂದಳು.

ಮೇಷ್ಟ್ರು ಎದ್ದು ಹೋಗುವಾಗ ಇನ್ನೊಂದು ಮಾತು ಹೇಳಿದರು. ಆ ಮಾತಿನಿಂದಲೇ ಈ ಕಥೆಗೆ ಜೀವ ಬಂತು. ಹಾಲಿನ ಮೇಲ್ಗಡೆ ಹಿಂದೆ ನ್ಯಾಯಾಧೀಶರು ಕೂರುತ್ತಿದ್ದ ಖಾಸಗಿ ಕೋಣೆ ಇದೆ. ಉತ್ತರಕ್ಕೆ ದೊಡ್ಡ ಕಿಟಕಿ, ಎತ್ತರದ ಚಾವಣಿ, ಒಳ್ಳೆಯ ಬೆಳಕು. ಪ್ರದರ್ಶನಕ್ಕೆ ಬಂದ ಎಳೆಯರಲ್ಲಿ ಒಬ್ಬರಿಗೆ ಆ ಕೋಣೆಯನ್ನು ಒಂದು ವರ್ಷ ಕೆಲಸ ಮಾಡಲು ಕೊಡುತ್ತಾರಂತೆ. ಯಾರಿಗೆ ಎಂದು ನಿರ್ಧರಿಸಲು ಹೊರಗಿನಿಂದ ಒಬ್ಬ ಹಿರಿಯ ಕಲಾವಿದೆ ಬರುತ್ತಾರಂತೆ.

ಟೈಲರಮ್ಮ ಅಂಗಡಿಯ ಮೂಲೆಯ ಕಡೆ ತಿರುಗಿ ನೋಡಿದಳು. ಗುಮ್ಮಿ ಚಿತ್ರ ಬರೆಯುತ್ತಿದ್ದುದು ಇದೇ ಅಂಗಡಿಯ ಮೂಲೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿಗೂ ಇಸ್ತ್ರಿ ಹಲಗೆಗೂ ನಡುವಿನ ಸಂದಿಯಲ್ಲಿ. ಹಸಿ ಬಣ್ಣದ ಮೇಲೆ ಬಟ್ಟೆಯ ನೂಲುಧೂಳು ಕೂತು ಎಲ್ಲ ಚಿತ್ರಕ್ಕೂ ಮೀಸೆ ಬರುತ್ತಿತ್ತು. ಗಿರಾಕಿಗಳು ಬಂದರೆ ಹುಡುಗಿ ಹಲಗೆ ಎತ್ತಿಕೊಂಡು ಹೊರಗೆ ನಿಲ್ಲಬೇಕು. ಈಗೀಗ ಅವಳು ಬರೆಯುವುದೇ ಕಡಿಮೆ ಮಾಡಿದ್ದಳು. ಪ್ಯಾಕಿಂಗ್ ಕಂಪನಿಯಲ್ಲಿ ಒಂದು ಕೆಲಸ ಸಿಕ್ಕಿದೆ, ಬರುವ ತಿಂಗಳು ಸೇರಿಕೊಳ್ಳುತ್ತೇನೆ ಎಂದೂ ಹೇಳಿಯಾಗಿತ್ತು. "ಚಿತ್ರ?" ಎಂದು ಟೈಲರಮ್ಮ ಕೇಳಿದ್ದಕ್ಕೆ, "ಎಷ್ಟು ದಿನ ಅಂತ ನಿನ್ನ ಕಾಲಿಗೆ ಅಡ್ಡ ಸಿಗಲಿ ಚಿಕ್ಕಮ್ಮ? ಜಾಗ ಎಲ್ಲಿದೆ?" ಎಂದಿದ್ದಳು. ಆ ಮಾತು ಟೈಲರಮ್ಮನಿಗೆ ಮುಳ್ಳಿನಂತೆ ಚುಚ್ಚಿತ್ತು. ಆ ಉತ್ತರದ ಕಿಟಕಿ ಸಿಕ್ಕರೆ ಹುಡುಗಿ ಉಳಿಯುತ್ತಾಳೆ, ಸಿಗದಿದ್ದರೆ ಅವಳ ಕೈ ಡಬ್ಬಕ್ಕೆ ಟೇಪು ಅಂಟಿಸುವುದರಲ್ಲೇ ಸವೆಯುತ್ತದೆ. ಇಷ್ಟೇ ವಿಷಯ.

ಅಂದಿನಿಂದ ಅಂಗಡಿಯಲ್ಲಿ ದಪ್ಪನೆಯ ಬಿಳಿ ಗಾಡಾ ಬಟ್ಟೆಯ ಥಾನುಗಳು ಬಂದು ಬಿದ್ದವು. ಟೈಲರಮ್ಮ ಹೊಲಿದಳು ನೋಡಿ! ಮೇಲೆ ಗಳು ತೂರಿಸಲು ಕೊಳವೆ, ಕೆಳಗೆ ಬಟ್ಟೆ ಹಾರಾಡದಿರಲು ಮರಳಿನ ಪಟ್ಟಿ, ನಡುವೆ ಚಿತ್ರದ ನಾಲ್ಕು ಮೂಲೆ ಸಿಕ್ಕಿಸಲು ಪುಟ್ಟ ಪುಟ್ಟ ಜೇಬು. ಗಿರಾಕಿಗಳು ಬಂದು ರೇಗಿದರೆ, "ನಿಮ್ಮ ಅಂಗಿ ಎಲ್ಲೂ ಓಡಿಹೋಗಲ್ಲ, ಮಕ್ಕಳ ವಯಸ್ಸು ಓಡಿಹೋಗುತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆಶ್ಚರ್ಯ ಏನೆಂದರೆ ರೇಗಿದವರೇ ಆಮೇಲೆ ಮನೆಯಲ್ಲಿದ್ದ ಹಳೆ ಪರದೆ, ಹಗ್ಗ, ದಾರದುಂಡೆ ತಂದುಕೊಟ್ಟರು. ಬಡಗಿಯೊಬ್ಬ ತನ್ನ ಗೋದಾಮಿನಲ್ಲಿದ್ದ ಗಳುಗಳನ್ನೆಲ್ಲ ಗಾಡಿಯಲ್ಲಿ ತಂದು ಇಳಿಸಿದ. ಅಂಥ ಊರು ಅದು. ಮೊದಲು ಗೊಣಗುತ್ತದೆ, ಆಮೇಲೆ ಹೆಗಲು ಕೊಡುತ್ತದೆ.

ಗುಮ್ಮಿಯೂ ಬದಲಾದಳು. ಬೆಳಿಗ್ಗೆ ಎದ್ದರೆ ಮೇಷ್ಟ್ರ ಮನೆಯ ಹಿತ್ತಲಿನ ಶೆಡ್ಡಿಗೆ ಓಡುತ್ತಿದ್ದಳು. ಕಾಗದದ ಮೇಲಲ್ಲ, ಬಟ್ಟೆಯ ಮೇಲೆ ದೊಡ್ಡದೊಂದು ಚಿತ್ರ ಬರೆಯುತ್ತಿದ್ದಾಳೆ ಎಂಬುದಷ್ಟೇ ಟೈಲರಮ್ಮನಿಗೆ ಗೊತ್ತು. "ಏನೇ ಅದು?" ಎಂದರೆ ಒಂದೇ ಉತ್ತರ.

"ನೇತು ಹಾಕೋವರೆಗೂ ನೋಡಕೂಡದು. ಆಣೆ ಇಡು."

"ನನ್ನ ಕತ್ತರಿ ಆಣೆ, ಬಿಚ್ಚಿ ನೋಡಲ್ಲ. ಸಾಕಾ?"

ಬಾಯಲ್ಲಿ ಹೀಗೆ ಹೇಳಿದರೂ ಮನಸ್ಸಿನಲ್ಲಿ ಅವಳಿಗೆ ಗೊತ್ತಿತ್ತು. ಇಷ್ಟೊಂದು ಗುಟ್ಟು ಮಾಡಿ ಈ ಹುಡುಗಿ ಇನ್ನು ಯಾರನ್ನು ಬರೆದಾಳು? ತನ್ನ ಅಮ್ಮನನ್ನೇ. ಅಕ್ಕನ ಮುಖವನ್ನು ಮತ್ತೊಮ್ಮೆ ನೋಡುವ ಭಾಗ್ಯ ಸಿಗುತ್ತದೆ ಎಂದು ನೆನೆದು ಟೈಲರಮ್ಮ ಹೊಲಿಯುತ್ತ ಹೊಲಿಯುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಪ್ರದರ್ಶನದ ದಿನ ಬಂತು. ಬೆಳಿಗ್ಗೆಯೇ ಟೈಲರಮ್ಮ ಎಂದಿನ ನೀಲಿ ನಿಲುವಂಗಿಯಲ್ಲೇ ಕೈಮಷಿನ್ನನ್ನು ಕಂಕುಳಲ್ಲಿ ಇರುಕಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದಳು, ಹೊಸ್ತಿಲಲ್ಲಿ ಅಪ್ಪನನ್ನು ನೆನೆದು ಒಮ್ಮೆ ನಕ್ಕಳು. ಒಳಗೆ ಹೋದರೆ ಏನು ಬೆಳಕು, ಏನು ಎತ್ತರ! ಎಷ್ಟೋ ಜನ ಕಾದು ಕಾದು ನುಣುಪಾಗಿಸಿದ ಬೆಂಚುಗಳನ್ನು ಸಾಲಾಗಿ ಜೋಡಿಸಿದ್ದರು. ಆರೋಪಿಗಳು ನಿಲ್ಲುತ್ತಿದ್ದ ಕಟಕಟೆಯೊಳಗೆ ಯಾರೋ ಮಾಡಿದ ಮಣ್ಣಿನ ಆಡೊಂದು ನಿಂತಿತ್ತು. ನ್ಯಾಯಾಧೀಶರ ಪೀಠದ ಮೇಲೆ ತಂತಿಯ ಹಕ್ಕಿಗಳು. ಅವಳ ಬಟ್ಟೆ ಗೋಡೆಗಳು ತೊಲೆಯಿಂದ ಇಳಿದು, ಹಳೆಯ ಸುಣ್ಣದ ಗೋಡೆಯನ್ನು ಮುಟ್ಟದೆ ಒಂದು ಗೇಣು ಈಚೆಗೆ ನಿಂತಿದ್ದವು. ಅದನ್ನು ನೋಡಿ ಅವಳ ಹೊಟ್ಟೆ ತುಂಬಿತು.

"ಅಕ್ಕಾ, ಈ ಆಡಿಗೆ ಎಷ್ಟು ವರ್ಷ ಶಿಕ್ಷೆ?" ಎಂದ ಏಣಿಯ ಮೇಲಿದ್ದ ಬಡಗಿ.

"ಯಾರದೋ ಹಿತ್ತಲಿನ ಸೊಪ್ಪು ತಿಂದಿರುತ್ತೆ. ನೀನು ಕೆಳಗೆ ನೋಡಿ ಮಾತಾಡಬೇಡ, ಬಿದ್ದರೆ ನಿನ್ನನ್ನೂ ಅದರ ಪಕ್ಕ ನಿಲ್ಲಿಸ್ತಾರೆ."

ಹಿಂದೆ ಗುಮಾಸ್ತರು ಕೂರುತ್ತಿದ್ದ ಪಕ್ಕದ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಟೈಲರಮ್ಮ ಕೊನೆಯ ರಿಪೇರಿಗೆ ಕೂತಳು. ಒಂದು ಜೇಬು ಸಡಿಲ, ಒಂದು ಪಟ್ಟಿ ಉದ್ದ, ಹೀಗೆ ಏನಾದರೊಂದು. ಆ ಕೋಣೆಯ ಮೇಜಿನ ಮೇಲೇ ಗುಮ್ಮಿಯ ಚಿತ್ರವೂ ಇತ್ತು. ಗಳುವಿಗೆ ಸುತ್ತಿ, ಕಾಗದ ಹೊದಿಸಿ, ದಾರ ಕಟ್ಟಿಟ್ಟಿದ್ದರು. ಸುರುಳಿಯ ಕೊನೆ, ಅಂದರೆ ಬಟ್ಟೆಯ ಕೆಳಗಿನ ಅಂಚು ಮಾತ್ರ ಹೊರಗಿತ್ತು. ಆ ಅಂಚನ್ನು ನೋಡಿದ್ದೇ ತಡ, ಟೈಲರಮ್ಮನ ಜೀವ ತಡೆಯಲಿಲ್ಲ. ಎಳೆಗಳೆಲ್ಲ ಬಿಚ್ಚಿಕೊಂಡು, ಚಿತ್ರದ ಬಣ್ಣ ಮೆತ್ತಿಕೊಂಡಂತಿದ್ದ ಮೊಳದುದ್ದ ದಾರಗಳು ಮೇಜಿನಿಂದ ಕೆಳಕ್ಕೆ ಜೋತಾಡುತ್ತಿದ್ದವು.

ಈಗ ಒಂದು ಮಾತು ಹೇಳಬೇಕು. ಟೈಲರುಗಳ ಕಣ್ಣೇ ಬೇರೆ. ನೀವು ನಾವು ಒಬ್ಬರನ್ನು ಕಂಡರೆ ಮುಖ ನೋಡುತ್ತೇವೆ. ಅವರು ಕಾಲರು, ಗುಂಡಿ, ಅಂಚು ನೋಡುತ್ತಾರೆ. ಬಿಚ್ಚಿದ ಅಂಚು ಕಂಡರೆ ಟೈಲರಮ್ಮನಿಗೆ ಅನ್ನ ಇಳಿಯುವುದಿಲ್ಲ. ದಾರಿಯಲ್ಲಿ ಹೋಗುವ ಅಪರಿಚಿತರನ್ನು ನಿಲ್ಲಿಸಿ, "ಸ್ವಲ್ಪ ನಿಲ್ಲಿ, ಒಂದು ಹೊಲಿಗೆ ಹಾಕ್ತೀನಿ" ಅಂದ ಹೆಂಗಸು ಅವಳು. ಅಂಥವಳ ಎದುರಿಗೆ ಸಾಕಿದ ಹುಡುಗಿಯ ಚಿತ್ರವೇ ಅಂಚು ಬಿಚ್ಚಿಕೊಂಡು ಬಿದ್ದಿದ್ದರೆ?

"ಅಯ್ಯೋ ನನ್ನ ಕಂದ, ಟೈಮೇ ಸಿಕ್ಕಿಲ್ಲ ಪಾಪ" ಎಂದಳು. "ಇದನ್ನು ಹೀಗೇ ನೇತು ಹಾಕಿದ್ರೆ ಆ ಬರೋ ಹೆಂಗಸು ಏನು ಅಂದುಕೊಳ್ಳಲ್ಲ? ಟೈಲರ್ ಮನೆ ಹುಡುಗಿ, ಅಂಚು ಮಡಿಸೋಕೂ ಬರಲ್ಲ ಅನ್ನಲ್ವಾ?"

ಗುಮ್ಮಿಯನ್ನು ಕೇಳೋಣ ಎಂದರೆ ಅವಳು ಬೇರೆ ಮಕ್ಕಳ ಜೊತೆ ಹೆಸರಿನ ಚೀಟಿ ತರಲು ಹೋಗಿದ್ದಳು. ಟೈಲರಮ್ಮ ಸುರುಳಿ ಬಿಚ್ಚಲಿಲ್ಲ. ಆಣೆ ಅಂದರೆ ಆಣೆ. ಕತ್ತರಿ ತೆಗೆದು ಆ ಉದ್ದುದ್ದ ದಾರಗಳನ್ನು ಕಚಕ್ ಕಚಕ್ ಎಂದು ಕತ್ತರಿಸಿ ಚಿಂದಿ ಚೀಲಕ್ಕೆ ತುಂಬಿದಳು. ಅಂಚನ್ನು ಎರಡು ಸಲ ಮಡಿಸಿ, ಉಗುರಿನಿಂದ ಗೀರಿ, ಮಷಿನ್ ಮೇಲೆ ಒಂದೇ ಓಟ ಓಡಿಸಿದಳು. ನೇರ ಅಂದರೆ ನೇರ, ಅಡಿಪಟ್ಟಿ ಇಟ್ಟು ಎಳೆದ ಗೆರೆಯ ಹಾಗೆ. ಆಮೇಲೆ ಅದರ ಮೇಲೆ ಅಂಗೈ ಆಡಿಸಿ, "ಈಗ ನೋಡು ಹೆಂಗಿದೆ" ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ಅಷ್ಟು ಸಂತೋಷವಾಗಿದ್ದು ಯಾವ ಕಾಲದಲ್ಲೋ.

ಗುಮ್ಮಿ ಬಂದಳು, ಮೇಷ್ಟ್ರು ಬಂದರು. ಬಡಗಿ ಗಳುವನ್ನು ಹೊತ್ತೊಯ್ದು ಎದುರಿನ ತೊಲೆಗೆ ಏರಿಸಿ ಕಟ್ಟಿದ. ದಾರ ಬಿಚ್ಚಿದೊಡನೆ ಬಟ್ಟೆ ಸರ್‍ರನೆ ಇಳಿದು ಮೊಣಕಾಲೆತ್ತರಕ್ಕೆ ಬಂದು ನಿಂತಿತು. ಟೈಲರಮ್ಮ ಚಿತ್ರ ನೋಡಬೇಕು ಅನ್ನುವಷ್ಟರಲ್ಲಿ ಹುಡುಗಿಯ ಮುಖ ಕಂಡಿತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಚಿಕ್ಕಮ್ಮಾ… ದಾರ ಎಲ್ಲಿ?"

"ಯಾವ ದಾರ? ಆ ಬಿಚ್ಚಿಕೊಂಡಿದ್ದಾ? ಕತ್ತರಿಸಿ ಅಂಚು ಮಡಿಸಿದೆ ಕಣೇ, ನಿನಗೆ ಟೈಮ್ ಆಗಿಲ್ಲ ಅಂತ…"

"ಬಿಚ್ಚಿಕೊಂಡಿದ್ದಲ್ಲ ಚಿಕ್ಕಮ್ಮ. ನಾನೇ ಬಿಡಿಸಿದ್ದು. ಒಂದೊಂದೇ ಎಳೆ ಎಳೆದು, ಒಂದೊಂದಕ್ಕೂ ಬಣ್ಣ ಹಾಕಿ." ಹುಡುಗಿಯ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ಚೆನ್ನಾಗಿತ್ತು. "ಚಿತ್ರ ಅಲ್ಲೇ ಇತ್ತು. ಇದು ಮಿಕ್ಕಿದ್ದು ಅಷ್ಟೆ."

ಇಷ್ಟು ಹೇಳಿ ಅವಳು ಹೊರಗಿನ ಕಂಬಗಳ ಜಗುಲಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು.

ಟೈಲರಮ್ಮನಿಗೆ ಚಿತ್ರದ ಕಡೆ ಕಣ್ಣೆತ್ತುವ ಮುಖವಾದರೂ ಎಲ್ಲಿತ್ತು? ತಾನು ಹೊಲಿದ ಆ ನೇರ ಅಂಚನ್ನೇ ನೋಡುತ್ತ ನಿಂತಳು. ಹುಡುಗಿಯ ಕಿಟಕಿ, ಉತ್ತರದ ಬೆಳಕು, ಎಲ್ಲವನ್ನೂ ತನ್ನ ಕೈಯಾರೆ ಕತ್ತರಿಸಿ ಚಿಂದಿ ಚೀಲಕ್ಕೆ ತುಂಬಿದ್ದಾಳೆ. ಯಾರೋ ಶತ್ರು ಮಾಡಿದ್ದರೆ ಶಾಪ ಹಾಕಬಹುದಿತ್ತು. ಪ್ರೀತಿಯಿಂದ ಮಾಡಿದ ಕೇಡಿಗೆ ಯಾರನ್ನು ಬೈಯುವುದು?

ಮೇಷ್ಟ್ರು ಹತ್ತಿರ ಬಂದು, "ಹೋಗಲಿ ಬಿಡಿಯಮ್ಮ. ನೋಡುವವರಿಗೆ ಏನು ಗೊತ್ತಾಗುತ್ತೆ?" ಎಂದರು.

"ನನಗೆ ಗೊತ್ತಲ್ಲ ಮೇಷ್ಟ್ರೇ!" ಎಂದು ಅವಳು ಅವರ ಮೇಲೇ ಹರಿಹಾಯ್ದಳು. ಹೋಗಿ ಚಿಂದಿ ಚೀಲ ತಂದು ನೆಲದ ಮೇಲೆ ಸುರಿದಳು. ಬೆಳಗಿನಿಂದ ಕತ್ತರಿಸಿದ ಬಿಳಿ, ಕೆಂಪು, ಹಳದಿ ಚೂರುಗಳ ನಡುವೆ ಆ ಹುಡುಗಿ ಬಣ್ಣ ಹಾಕಿದ ನೀಲಿ, ಬೂದು ದಾರಗಳು ಸಿಕ್ಕುಸಿಕ್ಕಾಗಿ ಬಿದ್ದಿದ್ದವು. ಟೈಲರಮ್ಮ ಚಿತ್ರದ ಕೆಳಗೆ ಚಕ್ಕಂಬಕ್ಕಳ ಹಾಕಿ ಕೂತು, ತಾನೇ ಹಾಕಿದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚತೊಡಗಿದಳು. ಆಮೇಲೆ ದಾರಗಳನ್ನು ಒಂದೊಂದಾಗಿ ಸೂಜಿಗೆ ಪೋಣಿಸಿ, ಅಂಚಿನ ಎಳೆಗೆ ಸಿಕ್ಕಿಸಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಗಂಟು ಹಾಕಿ ಮತ್ತೆ ಇಳಿಬಿಡತೊಡಗಿದಳು.

ಅಷ್ಟರಲ್ಲಿ ಬಾಗಿಲು ತೆರೆದರು. ಜನ ಬಂದರು ಸ್ವಾಮಿ, ಹೇಗೆ ಬಂದರು ಅಂತೀರಿ! ವಾಯಿದೆಗೆ ಬಂದು ಹಣೆ ಚಚ್ಚಿಕೊಂಡಿದ್ದ ಮುದುಕರೂ ಈಗ ಮೊಮ್ಮಕ್ಕಳ ಕೈ ಹಿಡಿದು ಬಂದಿದ್ದರು. ಕಟಕಟೆಯ ಆಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎಲ್ಲ ಸುತ್ತಿ ಕೊನೆಗೆ ಎದುರಿನ ದೊಡ್ಡ ಚಿತ್ರದ ಹತ್ತಿರ ಬಂದರೆ, ಕೆಳಗೆ ಒಬ್ಬ ಹೆಂಗಸು ನೆಲದ ಮೇಲೆ ಕೂತು ಸೂಜಿ ದಾರ ಹಿಡಿದಿದ್ದಾಳೆ. ಜನ ನಿಂತರು. ಒಬ್ಬರು ನಿಂತರೆ ಇನ್ನೊಬ್ಬರು, ನಮ್ಮವರ ಅಭ್ಯಾಸ ಗೊತ್ತಲ್ಲ. ಇದೂ ಒಂದು ಕಲೆಯೇ ಇರಬೇಕು ಎಂದು ಯಾರೋ ಪಿಸುಗುಟ್ಟಿದರು.

"ಕಲೆಯೂ ಇಲ್ಲ ಕೊಲೆಯೂ ಇಲ್ಲ" ಎಂದಳು ಟೈಲರಮ್ಮ ತಲೆ ಎತ್ತದೆ. "ನೀಲಿ ದಾರ ಹುಡುಕಿ ಕೊಡೋರು ಇದ್ರೆ ಕೂತ್ಕೊಳ್ಳಿ. ಇಲ್ದಿದ್ರೆ ಮುಂದೆ ಹೋಗಿ."

ಕೂತರು! ಮೊದಲು ಒಬ್ಬಳು ಅಜ್ಜಿ ಮೊಣಕಾಲು ಹಿಡಿದುಕೊಂಡು ಕೂತಳು. ಆಮೇಲೆ ಶಾಲೆಯ ಮಕ್ಕಳು, ಆಮೇಲೆ ಆ ಬಿಗಿ ಪ್ಯಾಂಟಿನ ಕಂಟ್ರಾಕ್ಟರ್ ಕೂಡ ಬೆಂಚಿನ ತುದಿಯಲ್ಲಿ ಒರಗಿಕೊಂಡು, ಚಿಂದಿಯ ರಾಶಿಯನ್ನು ತೊಡೆಯ ಮೇಲೆ ಹಾಕಿಕೊಂಡು ನೀಲಿ ಬೇರೆ, ಬೂದು ಬೇರೆ ಆರಿಸತೊಡಗಿದ. ಅಂಗಿ ತಡವಾಯಿತು ಎಂದು ಹೋದ ವಾರ ಜಗಳ ಆಡಿದ ಹೆಂಗಸು ಸಿಕ್ಕು ಬಿಡಿಸಿ ಬಿಡಿಸಿ ಕೈಗೆ ಕೊಡುತ್ತಿದ್ದಳು. ಟೈಲರಮ್ಮ ಈ ಜನರ ಋಣ ಯಾವ ಜನ್ಮಕ್ಕೆ ತೀರಿಸಲಿ ಎಂದುಕೊಂಡಳು. ಬಾಯಲ್ಲಿ ಮಾತ್ರ, "ಜಗ್ಗಬೇಡಿ, ಮೆಲ್ಲಗೆ, ಅದೇನು ಹಗ್ಗಾನಾ?" ಎಂದು ಗದರುತ್ತಿದ್ದಳು.

ಪಕ್ಕದಲ್ಲಿ ಯಾರೋ ಬಂದು ಕೂತಂತಾಯಿತು. ನೋಡಿದರೆ ಗುಮ್ಮಿ. ಕಣ್ಣು ಕೆಂಪಾಗಿತ್ತು. ಇನ್ನೊಂದು ಸೂಜಿ ತೆಗೆದುಕೊಂಡಳು.

"ಎಡಗಡೆಗೆ ಬೂದು ಬರಬೇಕು ಚಿಕ್ಕಮ್ಮ. ನೀಲಿ ಆಮೇಲೆ."

"ಹೂಂ. ನೀನು ಹೇಳಿದ ಹಾಗೇ ಆಗಲಿ ಕಣಮ್ಮ" ಎಂದಳು ಟೈಲರಮ್ಮ. ಅಷ್ಟು ವಿಧೇಯಳಾಗಿ ಅವಳು ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

ಹೀಗೆ ಇಬ್ಬರೂ ಹೊಲಿಯುತ್ತಿರುವಾಗ ಮೇಲೆ ಯಾರದೋ ನೆರಳು ಬಿತ್ತು. ಬೆಳ್ಳಿ ಕೂದಲಿನ ಎತ್ತರದ ಹೆಂಗಸೊಬ್ಬರು ನಿಂತಿದ್ದರು. "ಇದೂ ಪ್ರದರ್ಶನದ ಭಾಗಾನಾ?" ಎಂದು ಕೇಳಿದರು.

"ಅಲ್ಲ ತಾಯಿ, ಇದು ನನ್ನ ತಲೆತಿರುಕತನದ ಭಾಗ. ಬೆಳಕಿಗೆ ಅಡ್ಡ ನಿಂತಿದ್ದೀರಿ, ಸ್ವಲ್ಪ ಆ ಕಡೆ ಸರೀರಿ."

ಆ ಹೆಂಗಸು ಸರಿದರು. ಗುಮ್ಮಿ ಸೂಜಿ ಕೆಳಗಿಟ್ಟು ಚಿಕ್ಕಮ್ಮನ ತೋಳು ಹಿಡಿದು ಜಗ್ಗಿದಳು. ಮೇಷ್ಟ್ರು ದೂರದಿಂದ ಎರಡೂ ಕೈ ಎತ್ತಿ ಏನೇನೋ ಸನ್ನೆ ಮಾಡುತ್ತಿದ್ದರು. ಟೈಲರಮ್ಮ ಅವರ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಆಮೇಲೆ ಆ ಬೆಳ್ಳಿ ಕೂದಲನ್ನು ನೋಡಿದಳು. ಕೋಣೆ ಯಾರಿಗೆ ಎಂದು ನಿರ್ಧರಿಸಲು ಬಂದ ಹಿರಿಯ ಕಲಾವಿದೆಯನ್ನೇ ಆ ಕಡೆ ಸರೀರಿ ಅಂದಿದ್ದಳು. ಗಾಯದ ಮೇಲೆ ಬರೆ ಅನ್ನುವುದು ಇದಕ್ಕೇ.

ಅವಳು ದಡಬಡಿಸಿ ಎದ್ದಳು. ಕೂತು ಕೂತು ಕಾಲು ಜೋಮು ಹಿಡಿದಿತ್ತು, ಪಕ್ಕದಲ್ಲಿದ್ದ ಕಟಕಟೆಯ ಸರಳು ಹಿಡಿದುಕೊಂಡು ನಿಂತಳು. ಅಪ್ಪ ಅಷ್ಟು ವರ್ಷ ಅಲೆದರೂ ಯಾವತ್ತೂ ಹೇಳದ ಮಾತನ್ನು ಅವನ ಮಗಳು ಹೇಳಿದಳು.

"ತಪ್ಪು ನಂದು ತಾಯಿ. ಪೂರ್ತಿ ನಂದೇ. ಈ ಚಿತ್ರಕ್ಕೆ ಕೆಳಗೆ ಉದ್ದಕ್ಕೂ ದಾರ ಇತ್ತು. ನಾನು ಚಿತ್ರ ನೋಡದೇನೇ, ಅಂಚು ಬಿಚ್ಚಿದೆ ಅಂದ್ಕೊಂಡು ಕತ್ತರಿಸಿ ಹೊಲಿದುಬಿಟ್ಟೆ. ಈಗ ವಾಪಸ್ ಹಾಕ್ತಾ ಇದ್ದೀನಿ, ಅರ್ಧಾನೇ ಆಗಿರೋದು. ನನ್ನ ತಪ್ಪಿಗೆ ಹುಡುಗಿಗೆ ಶಿಕ್ಷೆ ಕೊಡಬೇಡಿ. ಇವಳಿಗೆ ಒಂದು ಕೋಣೆ ಸಿಗದಿದ್ರೆ ಬರೆಯೋದನ್ನೇ ಬಿಟ್ಟುಬಿಡ್ತಾಳೆ. ಬಾಯಿ ಬಿಟ್ಟು ಕೇಳೋಳಲ್ಲ ಅವಳು, ಅದಕ್ಕೆ ನಾನು ಕೇಳ್ತಿದ್ದೀನಿ."

ದಾರ ಆರಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಕಲಾವಿದೆ ಒಂದು ಕ್ಷಣ ಟೈಲರಮ್ಮನನ್ನೂ ಚಿತ್ರವನ್ನೂ ತಿರುಗಿ ತಿರುಗಿ ನೋಡಿದರು.

"ಕೋಣೆ ಅವಳಿಗೇ" ಎಂದರು. "ನಾನು ಒಳಗೆ ಬಂದು ಆ ಬಾಗಿಲ ಹತ್ರ ನಿಂತಾಗಲೇ ತೀರ್ಮಾನ ಮಾಡಿದೆ. ಅಲ್ಲಿಂದ ದಾರ ಎಲ್ಲಿ ಕಾಣುತ್ತೆ? ಮುಖ ಕಾಣುತ್ತೆ. ಈ ವಯಸ್ಸಿಗೆ ಒಂದು ಮುಖಾನ ಹೀಗೆ ನೋಡಿದವರು ನನಗೆ ಹೆಚ್ಚು ಜನ ಸಿಕ್ಕಿಲ್ಲ."

ಚಪ್ಪಾಳೆ ಬಿತ್ತು. ಬಡಗಿ ಏಣಿಯ ಮೇಲಿಂದಲೇ ಸಿಳ್ಳೆ ಹಾಕಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಟೈಲರಮ್ಮನಿಗೆ ನಗುವುದೋ ಅಳುವುದೋ ತಿಳಿಯದೆ ಸಿಟ್ಟು ಬಂತು.

"ಅಲ್ಲ ತಾಯಿ, ಮೊದಲೇ ಒಂದು ಮಾತು ಹೇಳಬಾರದಿತ್ತಾ? ಜೀವ ಬಾಯಿಗೆ ಬಂದಿತ್ತು ನನಗೆ!" ಎಂದಳು. ಆಮೇಲೆ ದನಿ ಇಳಿಸಿ, "ನಮ್ಮಕ್ಕ ಹಾಗೇ ಇದ್ದಳು. ಒಳ್ಳೆ ಮುಖ" ಎಂದಳು.

"ಯಾರು?"

"ನಮ್ಮಕ್ಕ. ಇವಳ ಅಮ್ಮ. ಇವಳು ಬರೆದಿರೋದು ಅವಳನ್ನೇ ಅಲ್ವಾ?"

ಕಲಾವಿದೆ ಹುಬ್ಬೇರಿಸಿದರು. "ನೀವು ಇನ್ನೂ ಚಿತ್ರ ನೋಡೇ ಇಲ್ವೇನಮ್ಮ?"

ಇಲ್ಲ. ಬೆಳಗಿನಿಂದ ಅದರ ಕಾಲಬುಡದಲ್ಲೇ ಕೂತಿದ್ದರೂ ಅವಳು ನೋಡಿದ್ದು ಒಂದು ಗೇಣಗಲದ ಅಂಚು ಮಾತ್ರ. ಗುಮ್ಮಿ ಎದ್ದು ಬಂದಳು. ಚಿಕ್ಕಮ್ಮನ ಮೊಣಕೈ ಹಿಡಿದು, ಬೆಂಚುಗಳ ಸಾಲು ದಾಟಿಸಿ, ಹಾಲಿನ ಆ ತುದಿಯವರೆಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಹೆಗಲು ಹಿಡಿದು ತಿರುಗಿಸಿದಳು.

ಮಷಿನ್ನಿನ ಮುಂದಿನಿಂದ ಆಗಷ್ಟೇ ಎದ್ದು ನಿಂತ ಒಬ್ಬ ಹೆಂಗಸು. ಕೊರಳಲ್ಲಿ ಅಳತೆ ಟೇಪು. ತುಟಿಯ ನಡುವೆ ಗುಂಡುಸೂಜಿ. ಯಾರನ್ನೋ ಬೈಯಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ನಗು ಬಂದುಬಿಟ್ಟಿದೆ, ಅಂಥ ಮುಖ. ಕೆಲಸದ ನೀಲಿ ನಿಲುವಂಗಿ ಹೆಗಲಿನಿಂದ ಇಳಿದು ಬಟ್ಟೆಯ ಕೊನೆಯವರೆಗೆ ಬಂದಿತ್ತು. ಅಲ್ಲಿ ಬಣ್ಣ ಮುಗಿದು ನಿಜವಾದ ದಾರಗಳು ಶುರುವಾಗಿ, ಅರ್ಧದವರೆಗೆ ಗಾಳಿಗೆ ಮೆಲ್ಲಗೆ ಅಲ್ಲಾಡುತ್ತಿದ್ದವು.

ಟೈಲರಮ್ಮ ತನ್ನ ಕೊರಳಿನ ಟೇಪನ್ನು ಮುಟ್ಟಿ ನೋಡಿಕೊಂಡಳು.

"ಇದು ನಾನು" ಎಂದಳು ಕೊನೆಗೆ.

"ಹೂಂ."

"ದಾರ ಯಾಕೆ ಹಾಗೆ ಬಿಟ್ಟೆ?"

"ನಿನ್ನ ಅಂಚು ಯಾವತ್ತು ಹೊಲಿದಿತ್ತು ಚಿಕ್ಕಮ್ಮ? ಊರೋರದ್ದೆಲ್ಲ ಹೊಲಿದೆ. ನನ್ನ ಬಟ್ಟೇಲಿ ಒಂದು ದಿನ ಒಂದು ಗುಂಡಿ ಸಡಿಲ ಇರಲಿಲ್ಲ. ನಿಂದನ್ನ ನೀನು ನೋಡ್ಕೊಂಡಿದ್ದೀಯಾ?"

ಟೈಲರಮ್ಮ ತಲೆ ಬಗ್ಗಿಸಿ ತನ್ನ ನಿಲುವಂಗಿಯ ಕೆಳಗಡೆ ನೋಡಿಕೊಂಡಳು. ಒಂದು ಕಡೆ ಹೊಲಿಗೆ ಬಿಟ್ಟು ಎಳೆಗಳು ಪಾದದ ಮೇಲೆ ಜೋತಾಡುತ್ತಿದ್ದವು. ಎಂದಿನಿಂದ ಹಾಗಿತ್ತೋ ಅವಳಿಗೇ ಗೊತ್ತಿರಲಿಲ್ಲ. ಮತ್ತೆ ತಲೆ ಎತ್ತಿ ಆ ಮುಖವನ್ನು ನೋಡಿದಳು. ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಬೇಕೆಂದು ಹೊಳೆಯಲಿಲ್ಲ.

"ನಾನು ಇಷ್ಟು ಚೆನ್ನಾಗಿದ್ದೀನೇನೇ?"

"ಇಲ್ಲ ಚಿಕ್ಕಮ್ಮ" ಎಂದಳು ಗುಮ್ಮಿ. "ಇನ್ನೂ ಚೆನ್ನಾಗಿದ್ದೀಯ. ನನಗೆ ಬರೆಯೋಕೆ ಬಂದಿದ್ದು ಇಷ್ಟೇ."